ಗಿರಣಿ ಮುದುಕಿಯ ಪಾರಣೆ

ಸಾಂಗಲಿಯ ಗಾಂವಭಾಗದಲ್ಲಿ ಇರುವೆಗಳಿಗೆ ಮತದಾನದ ಹಕ್ಕು ಇದ್ದಿದ್ದರೆ ಮೃಣಾಲ ಎಂದೋ ನಗರಸೇವಕಿಯಾಗಿರುತ್ತಿದ್ದಳು. ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ಅವಳು ಡಬ್ಬಿಯನ್ನು ಬಿಸಿಲಿಗಿಡುತ್ತಿದ್ದಳು. ಕಟ್ಟಕಡೆಯ ಇರುವೆ ಸಂಸಾರ ಸಮೇತ ಇಳಿದು ಹೋಗುವ ತನಕ ಮನೆಮಂದಿಗೆ ಬೆಲ್ಲದ ಚಹಾ. ಬಾಗಿಲ ಸಂದಿಯಲ್ಲಿ ಹಲ್ಲಿ ಕೂತಿದ್ದರೆ ಬಾಗಿಲು ಹಾಕುವಂತಿಲ್ಲ. ಅವಳ ಗಂಡ ಸಂಮೇದ ಅರಿಶಿನ ಪೇಟೆಯ ದಲಾಲ. ಹಲ್ಲಿ ಏಳಲಿ ಎಂದು ಕಾದು ಕಾದು ಒಮ್ಮೆ ಅವನು ಆ ದಿನದ ಹರಾಜನ್ನೇ ತಪ್ಪಿಸಿಕೊಂಡಿದ್ದ.

ಇಂಥವರ ಕೈಗೆ ಮೈಕು ಕೊಡಬಾರದು. ಜೈನರ ಹತ್ತು ದಿನದ ದಶಲಕ್ಷಣ ಪರ್ವದಲ್ಲಿ ಬಸದಿಯ ಮಹಿಳಾ ಮಂಡಳದವರು ಕೊಟ್ಟರು.

“ಪರ್ವ ಮುಗದ ಮ್ಯಾಲೆ ನಾವೆಲ್ಲ ಒಬ್ಬರಿಗೊಬ್ಬರು ಕ್ಷಮಾ ಕೇಳ್ತೇವಿ,” ಎಂದಳು ಮೃಣಾಲ, ಸೆರಗು ಸರಿಪಡಿಸಿಕೊಂಡು. “ಖರೇ ಹೇಳಬೇಕಂದ್ರ ನಾ ಯಾರ ಕಡಿ ಕೇಳಬೇಕು ಅಂತನ ನನಗ ತಿಳಿಯಂಗಿಲ್ಲರಿ. ನನ್ನ ಕೈಲೆ ಇರುವಿ ಸೈತ ಸತ್ತಿಲ್ಲ.”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅತ್ತೆ ಇಂದುಬಾಯಿ ಮಾತ್ರ ತಟ್ಟಲಿಲ್ಲ. ಅವರು ಪರ್ವದ ಕೊನೆಯ ದಿನಗಳಿಗೆ ಉಪವಾಸ ಹಿಡಿದಿದ್ದರು. ದಿನಕ್ಕೊಮ್ಮೆ ಕಾಸಿದ ನೀರು, ಅಷ್ಟೇ. ಚಪ್ಪಾಳೆಗೆ ತ್ರಾಣವಿಲ್ಲ ಎಂದು ಸೊಸೆ ಸಮಾಧಾನ ಮಾಡಿಕೊಂಡಳು.

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೃಣಾಲ ಬೇಡಗದಿಂದ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ವರ್ಷದಲ್ಲಿ ಇಂದುಬಾಯಿ ಅವಳನ್ನು ಹೊಗಳಿದ್ದನ್ನು ಕೇಳಿದವರು ಸಾಂಗಲಿ ಮಿರಜಿನಲ್ಲಿ ಯಾರೂ ಇಲ್ಲ. ಆದರೆ ಪ್ರತಿ ವರ್ಷ ಉಪವಾಸ ಮುರಿಯುವ ದಿನ, ಪಾರಣೆಯ ಮೊದಲ ಗುಟುಕು ಹೆಸರುಬೇಳೆಯ ತಿಳಿಯನ್ನು ಅವರು ಕುಡಿಯುತ್ತಿದ್ದುದು ಸೊಸೆಯ ಕೈಯಿಂದ ಮಾತ್ರ. ಮಗಳು ಮಿರಜಿನಿಂದ ರಿಕ್ಷಾ ಮಾಡಿಕೊಂಡು ಬಂದರೂ ಅವಳಿಗೆ ಸರದಿ ಎರಡನೆಯದು. ಆ ಒಂದು ಗುಟುಕೇ ಮೃಣಾಲಳ ವರ್ಷದ ಪಗಾರ. ಮಿಕ್ಕ ದಿನವೆಲ್ಲ ಅವಳು ಅದರ ಮೇಲೆ ಬದುಕುತ್ತಿದ್ದಳು.

ಭಾಷಣದ ದಿನವೇ ಕೃಷ್ಣೆ ಏರತೊಡಗಿದಳು. ಆಯರ್ವಿನ್ ಸೇತುವೆಯ ಮೇಲೆ ಜನ ನಿಂತು ನೀರು ನೋಡುತ್ತಿದ್ದರು. ಗಾಂವಭಾಗದ ಮನೆಗಳಲ್ಲಿ ನೆಲಮಹಡಿಯ ಸಾಮಾನು ಮೇಲಕ್ಕೆ ಹೊರುವ ಕೆಲಸ ಶುರುವಾಯಿತು. ಸಂಮೇದ ಕೆಳಗಿನ ಕೋಣೆಯಿಂದ ಅರಿಶಿನದ ಚೀಲಗಳ ಹಿಂದೆ ಅಡಗಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದು ಮೇಲಿನ ಕೋಣೆಯಲ್ಲಿ ಧೊಪ್ಪನೆ ಇಳಿಸಿದ.

“ನಿನ್ನ ತವರಮನಿ ಆಹೇರ,” ಎಂದ ಸೊಂಟ ಹಿಡಿದುಕೊಂಡು. “ಮಂದಿ ಫ್ರಿಜ್ಜ ತರ್ತಾರ, ನೀ ಇದನ್ನ ತಂದಿ. ನೀರಿಗಿ ಬಿಡೂಣೇನು?”

ಅದು ಅವಳ ಹಳೆಯ ಕಂಪ್ಯೂಟರ್; ಹಿಂದೆ ಡೊಳ್ಳು ಹೊಟ್ಟೆಯ ಪರದೆ, ಹಳದಿಗಟ್ಟಿದ ಕೀಲಿಮಣೆ. ನೀರಿಗೆ ಬಿಡುವ ಮೊದಲು ಒಮ್ಮೆ ನೋಡೋಣವೆಂದು ಹಚ್ಚಿದಳು. ಯಾರೂ ನಿರೀಕ್ಷಿಸದ ಹಾಗೆ ಅದು ಕೆಮ್ಮಿ, ನರಳಿ, ಎದ್ದು ಕೂತಿತು. ಒಳಗೆ ಅವಳ ಆಟವೂ ಹಾಗೇ ಇತ್ತು. ಅದರ ಇಂಗ್ಲಿಷ್ ಹೆಸರು ಮಾರುದ್ದ; ಬೇಡಗದಲ್ಲಿ ತಮ್ಮನೂ ಅವಳೂ ಅದನ್ನು ಹಬೆ ಆಟ ಎನ್ನುತ್ತಿದ್ದರು. ಹಬೆಯಲ್ಲಿ ಓಡುವ ಬಂಡಿಗಳು, ಕೋವಿಗಳು, ಜೊತೆಗೆ ಮಾಟ ಮಂತ್ರ ಎರಡೂ ಇರುವ ಲೋಕ. ಅಲ್ಲಿನ ಕಾಯಿದೆ ಒಂದೇ: ಯಂತ್ರ ಹೆಚ್ಚಾದವರ ಹತ್ತಿರ ಮಂತ್ರ ಸಾಯುತ್ತದೆ, ಮಂತ್ರ ಹೆಚ್ಚಾದವರ ಹತ್ತಿರ ಯಂತ್ರ ಕೆಡುತ್ತದೆ. ಮೃಣಾಲ ಯಂತ್ರದ ಪೈಕಿ. ಲಗ್ನವಾದ ಮೊದಲನೆಯ ವರ್ಷ, ಬಾಗಿಲು ಹಾಕಿಕೊಂಡು ಆಡಿದ್ದೇ ಕೊನೆ.

ಬಿಟ್ಟ ಜಾಗದಲ್ಲೇ ಆಟ ತೆರೆಯಿತು. ಮಂಜು ಮುಸುಕಿದ ಒಂದು ಹಳ್ಳಿ. ಅವಳ ಬೊಂಬೆ, ಹಿತ್ತಾಳೆಯ ಕವಚ ತೊಟ್ಟ ಹೆಣ್ಣು, ಅಗಸೆಯಲ್ಲಿ ನಿಂತಿತ್ತು. ಎರಡು ಹೆಜ್ಜೆ ನಡೆಸಿದಳು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಒಬ್ಬ ಹುಡುಗಿ ಕೊಡ ಬಿಟ್ಟು ಓಡಿದಳು. ಪರದೆಯ ಕೆಳಗೆ ಅಕ್ಷರ ಮೂಡಿತು: ‘ಬಂದಳು. ಗಿರಣಿ ಮುದುಕಿಯನ್ನು ಕೊಂದವಳು ಮತ್ತೆ ಬಂದಳು.’

ಮೃಣಾಲ ಬೊಂಬೆಯನ್ನು ತಿರುಗಿಸಿದಳು. ಗಿರಣಿಯ ಹಿಂದೆ ಹೋದಳು. ಮುದುಕಿ ಇನ್ನೂ ಅಲ್ಲೇ ಬಿದ್ದಿದ್ದಳು, ಬಿಳಿ ಕೂದಲು ಹರವಿಕೊಂಡು. ಕೊಳೆತಿರಲಿಲ್ಲ, ಯಾರೂ ಎತ್ತಿರಲೂ ಇಲ್ಲ. ಹೊರಗೆ ಮನೆಗಳ ಗಟಾರು ಬುಳುಬುಳು ಅನ್ನುತ್ತಿತ್ತು. ಇರುವೆಗಳ ತಾಯಿ ಆ ನೀಲಿ ಬೆಳಕಿನೆದುರು ಕೈ ಮುಗಿದು ಕೂತುಬಿಟ್ಟಳು.

ನೆಲಮಹಡಿಯ ಮಂಗಲಾ ಕಾಕು ತನ್ನ ಉಪ್ಪಿನಕಾಯಿ ಭರಣಿಗಳನ್ನು ನೀರಿಂದ ಉಳಿಸಲು ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದಳು. ಓರೆ ಬಾಗಿಲಿಂದ ಅವಳಿಗೆ ಕಂಡದ್ದು ಮೃಣಾಲಳ ಬೆನ್ನು. ಕೇಳಿಸಿದ್ದು ಇಷ್ಟು:

“ನಿನ್ನ ಹಿಂದಿಂದ ಹೊಡದೆ. ಒಂದ ಪೆಟ್ಟಿಗಿ ಸಾಯಲಿಲ್ಲ ನೀ. ಮತ್ತೊಂದ ಹೊಡದೆ. ಮನಿಗಿ ಬೆಂಕಿ ಯಾಕ ಹಚ್ಚಿದಿ ಅಂತ ಕೇಳಬ್ಯಾಡ, ಅದು ನನಗೂ ನೆನಪಿಲ್ಲ. ಕ್ಷಮಾ ಮಾಡವ್ವಾ.”

ಸಾಂಗಲಿಯಲ್ಲಿ ಕೃಷ್ಣೆಗಿಂತ ವೇಗವಾಗಿ ಏರುವುದು ಒಂದೇ ಒಂದು. ಮಂಗಲಾ ಕಾಕು ಭರಣಿ ಅಲ್ಲೇ ಇಟ್ಟು ಇಳಿದಳು. ಸುದ್ದಿ ಹಾಲಿನ ಡೇರಿ ಮುಟ್ಟುವಾಗ ಹೆಣ ಒಂದೇ ಇತ್ತು. ಬಸದಿಯ ಕಟ್ಟೆಗೆ ಬಂದಾಗ ಮೂರಾದವು. ಹರಿಪುರದ ರಸ್ತೆಯಲ್ಲಿ ಅದು ಸುಟ್ಟು ಬೂದಿಯಾದ ಒಂದು ವಾಡೆ, ಒಳಗೆ ಎಂಟು ಮಂದಿ, ಒಬ್ಬಾಕೆ ಬಸುರಿ.

ಮರುದಿನ ಬೆಳಿಗ್ಗೆಯಿಂದ ಮೃಣಾಲಳ ಮನೆಗೆ ಜನ ಬರತೊಡಗಿದರು. ಕ್ಷಮೆ ಕೇಳುವ ಕ್ಷಮಾವಾಣಿಯ ದಿನಕ್ಕೆ ಇನ್ನೂ ಸಮಯವಿತ್ತು, ಆದರೆ ಯಾರಿಗೂ ಕಾಯುವ ಧೈರ್ಯವಿರಲಿಲ್ಲ. ಎಲ್ಲರೂ ಹೊಸ್ತಿಲಾಚೆ, ಓಡಲು ಅನುಕೂಲವಾಗುವ ಹಾಗೆ ನಿಂತು ಕ್ಷಮೆ ಕೇಳಿದರು. ಮೊದಲು ಬಂದವಳು ಮಂಗಲಾ ಕಾಕುವೇ.

“ಮೃಣಾಲ, ಹೋದ ವರ್ಷ ನಿನ್ನ ಕುಕ್ಕರ ಕಳದಿತ್ತಲ್ಲ, ಅದು ನನ್ನ ಕಡೇನ ಇತ್ತಗಂ. ತಗೋ. ಶಿಟ್ಟೀನೂ ಐತಿ ನೋಡು. ಮನಸಿನ್ಯಾಗ ಏನೂ ಇಟ್ಟಕೋಬ್ಯಾಡ.”

“ಅಯ್ಯ ಕಾಕು, ಅದಕ್ಯಾಕ ಅಳ್ತೀರಿ? ಒಳಗ ಬರ್ರಿ, ಕುಂದರ್ರಿ.”

“ಬ್ಯಾಡ ಬ್ಯಾಡ! ನನಗ ಸಣ್ಣ ಸಣ್ಣ ಮೊಮ್ಮಕ್ಕಳದಾವ!”

ಹಾಲಿನವನು ಇಷ್ಟು ದಿನ ನೀರು ಹಾಕಿದ್ದಕ್ಕೆ ಕ್ಷಮೆ ಕೇಳಿ, ಅವತ್ತು ಗಟ್ಟಿ ಹಾಲು ಸುರಿದು, ಲೋಟ ಹಿಂದಕ್ಕೂ ಕೇಳದೆ ಹೋದ. ತನ್ನ ಭಾಷಣ ಊರಿನ ಮನಸ್ಸನ್ನೇ ಕಲಕಿಬಿಟ್ಟಿದೆ ಎಂದು ಮೃಣಾಲ ತಿಳಿದಳು. ಅವಳ ಮುಖದಲ್ಲಿ ಒಂದು ಶಾಂತ ಮುಗುಳ್ನಗೆ ಬಂತು. ಆ ನಗೆ ನೋಡಿದವರು ಅಂದು ರಾತ್ರಿ ಕದಕ್ಕೆ ಎರಡು ಅಗುಳಿ ಹಾಕಿಕೊಂಡರು.

ಸೂರ್ಯ ಮುಳುಗುವ ಮೊದಲು ಊಟವಾಯಿತು. ಮಾಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಇಂದುಬಾಯಿ ಗೋಡೆಗೊರಗಿ ಜಪಮಾಲೆ ತಿರುಗಿಸುತ್ತಿದ್ದವರು ಥಟ್ಟನೆ ನಿಲ್ಲಿಸಿದರು.

“ನಾಳಿ ಪಾರಣಿ ನಿನ್ನ ಕೈಲೆ ಬ್ಯಾಡ.”

ಮೃಣಾಲ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

“ಅತ್ತಿ, ನಾ ಏನ ಮಾಡೇನ್ರಿ?”

“ಅದನ್ನ ಬಂದವರ ಮುಂದ ಹೇಳು,” ಎಂದರು ಇಂದುಬಾಯಿ, ಬಾಗಿಲ ಕಡೆ ಗದ್ದ ಎತ್ತಿ.

ಬಾಗಿಲಲ್ಲಿ ಬಾಪೂಸಾಹೇಬರು ನಿಂತಿದ್ದರು. ಬಸದಿಯ ಟ್ರಸ್ಟಿನ ಹಿರಿಯರು, ಶಾಸ್ತ್ರ ಬಲ್ಲವರು. ಒಂದು ಕಿವಿಯಲ್ಲಿ ಕೇಳುವ ಮಿಷನ್ ಇತ್ತು. ಅವರ ಹಿಂದೆ ಹವಾಲ್ದಾರ ಜ್ಯೋತೆಪ್ಪ, ಲಿಂಗನೂರಿನವನು. ಪ್ರವಾಹದ ಎಚ್ಚರಿಕೆ ಕೂಗಲು ಬಂದವನನ್ನು ಬಾಪೂಸಾಹೇಬರು ಬೀದಿಯಿಂದಲೇ ಹಿಡಿದು ತಂದಿದ್ದರು. ಅವನ ಕೊರಳಲ್ಲಿ ಕೂಗುವ ಕಹಳೆ, ಭೋಂಗಾ, ಇನ್ನೂ ತೂಗಾಡುತ್ತಿತ್ತು.

“ಬಾಯಾರ, ಹೆದರಬ್ಯಾಡ್ರಿ,” ಎಂದ ಜ್ಯೋತೆಪ್ಪ, ತಾನೇ ಹೆದರಿಕೊಂಡು. “ಸತ್ತಾಕಿ ಯಾರು?”

“ಗಿರಣಿ ಮುದುಕಿ,” ಎಂದಳು ಮೃಣಾಲ. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

“ಹೆಣ?”

“ಗಿರಣಿ ಹಿಂದ ಐತ್ರಿ. ನಿನ್ನಿ ನೋಡೇನಿ. ಕೆಟ್ಟಿಲ್ಲ.”

“ಯಾವಾಗ ಕೊಂದ್ರಿ?”

“ಇಪ್ಪತ್ತ ವರ್ಷದ ಮ್ಯಾಲಾತ್ರಿ.”

ಇಪ್ಪತ್ತು ವರ್ಷ ಕೆಡದ ಹೆಣದ ಮಾತು ಕೇಳಿ ಜ್ಯೋತೆಪ್ಪ ಭೋಂಗಾವನ್ನು ಎದೆಗವಚಿಕೊಂಡ. ಬಾಪೂಸಾಹೇಬರು ಣಮೋಕಾರ ಮಂತ್ರ ಶುರು ಮಾಡಿದರು. ಸಂಮೇದ ಮಾತ್ರ ಲೆಕ್ಕ ಹಾಕುತ್ತ, “ಅಂದ್ರ ನನ್ನ ಲಗ್ನ ಆದ ಮ್ಯಾಲೆ ಕೊಂದಿ. ಹೌದಲ್ಲ? ಮೊದಲ ಕೊಂದಿದ್ದರ ನಿಮ್ಮಪ್ಪ ಹೇಳಬೇಕಿತ್ತು,” ಎಂದ.

“ಬರ್ರಿ, ತೋರಸ್ತೇನಿ,” ಎಂದು ಮೃಣಾಲ ಕೋಣೆಗೆ ನಡೆದಳು. ಯಾರೂ ಮೊದಲು ಹೋಗಲು ಒಪ್ಪಲಿಲ್ಲ. ಕೊನೆಗೆ ಉಪವಾಸದ ಇಂದುಬಾಯಿಯೇ ಗೋಡೆ ಹಿಡಿದುಕೊಂಡು ಮುಂದೆ ಹೋದರು, ಗಂಡಸರು ಅವರ ಸೆರಗಿನ ಹಿಂದೆ.

ಜ್ಯೋತೆಪ್ಪ ಬಗ್ಗಿ ಪರದೆ ನೋಡಿದ. ಆಮೇಲೆ ನಗತೊಡಗಿದ, ನಗು ಭೋಂಗಾದಲ್ಲಿ ಹಾದು ಇಡೀ ಓಣಿಗೆ ಕೇಳಿಸಿತು. “ಗೇಮ್ ರೀ! ನನ್ನ ಮಗಾ ಮೊಬೈಲಿನ್ಯಾಗ ದಿನಾ ನೂರ ಮಂದಿನ್ನ ಕೊಲ್ತಾನ!” ಸಂಮೇದ ನಕ್ಕ. ಬಾಪೂಸಾಹೇಬರು ಬೆವರೊರೆಸಿಕೊಂಡು ನಕ್ಕರು. ಮೃಣಾಲಳೂ ನಗಲು ಬಾಯಿ ತೆರೆದಳು.

“ಬಾಪೂಸಾಹೇಬ,” ಎಂದರು ಇಂದುಬಾಯಿ, “ಹಿಟ್ಟಿನ ಕೋಳಿ ಕೊಯ್ದ ರಾಜಾಗ ಏನಾತ ಹೇಳ್ರಿ.”

ನಗು ಅಲ್ಲಿಗೇ ನಿಂತಿತು. ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟವನೊಬ್ಬ ಕೊಲ್ಲುವ ಮನಸ್ಸು ಮಾಡಿದ ತಪ್ಪಿಗೇ ಜನ್ಮಜನ್ಮ ನರಳಿದ ಕತೆಯನ್ನು ಪ್ರತಿ ಪರ್ವದಲ್ಲಿ ಹೇಳುವವರು ಬಾಪೂಸಾಹೇಬರೇ.

“ನವಿಲಾದ… ನಾಯಿ ಆದ…” ಎಂದು ಅವರು ತೊದಲಿದರು. “ಆದರ ವಹಿನಿ, ಅದು ಹಿಟ್ಟು. ಇದು ಬರೇ ಬೆಳಕು.”

“ಹಿಟ್ಟಿಗಿಂತ ಬೆಳಕ ಹಗರ ಏನು? ಕೈ ಎತ್ತಿದ್ದು ಖರೇ ಹೌದಲ್ಲ? ಹಿಂದಿಂದ ಹೊಡದಾಳಂತ. ಮತ್ತೊಂದ ಹೊಡದಾಳಂತ.” ಇಂದುಬಾಯಿ ಸೊಸೆಯ ಕೈಯನ್ನೇ ನೋಡುತ್ತಿದ್ದರು. “ಆಕಿ ಕ್ಷಮಾ ಮಾಡಿದ್ಲಂದ್ರ ಈ ಕೈಲೆ ತಿಳಿ ಕುಡೀತೇನಿ. ಇಲ್ಲಂದ್ರ ಇಲ್ಲ.”

ಸತ್ತವಳಿಂದ ಕ್ಷಮೆ ಕೊಡಿಸುವ ದಾರಿ ಇದೆಯೇ ಎಂದು ಬಾಪೂಸಾಹೇಬರು ಹವಾಲ್ದಾರನ ಮುಖ ನೋಡಿದರು. ಅದು ತನ್ನ ಹದ್ದಿನಲ್ಲಿ ಬರುವುದಿಲ್ಲವೆಂದು ಜ್ಯೋತೆಪ್ಪ ಮೆಟ್ಟಿಲಿಳಿದ.

ದಾರಿ ಇತ್ತು. ಆ ಲೋಕದಲ್ಲಿ ಸತ್ತವರನ್ನು ಎಬ್ಬಿಸಿ ಮಾತಾಡಿಸುವ ಒಂದು ಮಂತ್ರವುಂಟು. ಆದರೆ ಯಂತ್ರ ಹೊತ್ತವರ ಬಾಯಲ್ಲಿ ಅದು ನಡೆಯುವುದಿಲ್ಲವೆಂದು ಮೃಣಾಲ ಅತ್ತೆಗೆ ತಿಳಿಸಿದಳು.

ಬೆಳಗಾಯಿತು, ಪಾರಣೆಯ ದಿನ. ನೀರು ಓಣಿಯ ಬಾಯಿಗೆ ಬಂದಿತ್ತು. ಬೆಳಕು ಮಾತ್ರ ಬರಲು ಮನಸ್ಸಿಲ್ಲದ ಹಾಗೆ ಕಿಟಕಿಯಲ್ಲಿ ಬೂದಿಯಾಗಿ ನಿಂತಿತ್ತು. ಬಸದಿಯ ಗಂಟೆಯ ಸದ್ದು ನೀರಿನ ಮೇಲೆ ಹಾದು ಬೇರೆ ಯಾವುದೋ ಊರಿನದರಂತೆ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಹೆಸರುಬೇಳೆಯ ತಿಳಿ ಬೆಳ್ಳಿ ಬಟ್ಟಲಲ್ಲಿ ಆರುತ್ತಿತ್ತು. ಕಂಪ್ಯೂಟರಿನೆದುರು ಮೃಣಾಲ, ಅವಳ ಹಿಂದೆ ಕುರ್ಚಿಯಲ್ಲಿ ಇಂದುಬಾಯಿ, ಬಿಳಿ ಸೀರೆಯಲ್ಲಿ, ತುಟಿ ಒಣಗಿ, ಪಕ್ಕದಲ್ಲಿ ಸಾಕ್ಷಿಗೆಂದು ಬಾಪೂಸಾಹೇಬರು, ಬಾಗಿಲಲ್ಲಿ ಮಂಗಲಾ ಕಾಕು, ಹೆದರಿಕೆಗಿಂತ ಕುತೂಹಲ ದೊಡ್ಡದಾಗಿ.

ಆಟದೊಳಗೆ, ಊರಾಚೆಯ ಒಬ್ಬ ಮಾಟಗಾತಿಗೆ ಮೃಣಾಲ ತನ್ನ ಹಿತ್ತಾಳೆಯ ಕವಚ, ಕೋವಿ, ಹಬೆಯ ಕೈ, ಗಾಲಿಬೂಟು ಎಲ್ಲ ಕಳಚಿ ಕೊಟ್ಟಳು. ಬದಲಿಗೆ ಒಂದು ಸುರುಳಿ ಸಿಕ್ಕಿತು. ಒಂದೇ ಸಲ ನಡೆಯುವ ಮಂತ್ರ. ಬೊಂಬೆ ಈಗ ಒಂದು ಒಳಲಂಗದಲ್ಲಿ ನಡುಗುತ್ತ ನಿಂತಿತ್ತು.

“ಯಂತ್ರ ಇದ್ದರ ಮಂತ್ರ ನಡಿಯಂಗಿಲ್ಲ ಅಂದಿ?” ಎಂದರು ಇಂದುಬಾಯಿ.

“ಅದು ಒಳಗಿನ ಮಾತ್ರೀ ಅತ್ತಿ. ಆಟದಾಗಿನ ಕಾಯಿದೆ.”

“ಒಳಗ ಹೊರಗ ನನಗ ಹೇಳಬ್ಯಾಡ. ಸಂಮೇದ, ಫ್ರಿಜ್ಜ ಬಂದ ಮಾಡು.”

ಫ್ರಿಜ್ಜು ನಿಂತಿತು. ಫ್ಯಾನು ನಿಂತಿತು. ಸಂಮೇದನ ಮೊಬೈಲು, ಅರಿಶಿನದ ದರ ಬರುತ್ತಿದ್ದಾಗಲೇ, ಅಕ್ಕಿ ಡಬ್ಬಿ ಸೇರಿತು. ಗೋಡೆ ಗಡಿಯಾರದ ಸೆಲ್ಲು ತೆಗೆಸಿದರು. ಆಮೇಲೆ ಇಂದುಬಾಯಿಯ ಕಣ್ಣು ಬಾಪೂಸಾಹೇಬರ ಕಿವಿಯ ಮೇಲೆ ನಿಂತಿತು.

“ವಹಿನಿ, ಇದು ತಗದರ ನನಗ ಏನೂ ಕೇಳಸಂಗಿಲ್ಲ!”

“ಶಾಸ್ತ್ರ ನಿಮಗ ಬಾಯಿಪಾಠ ಐತಲ್ಲ. ಕೇಳೂದೇನೈತಿ? ತಗೀರಿ.”

ಮಂತ್ರಕ್ಕೆ ಅಡ್ಡಿಯಾಗದ ಯಂತ್ರ ಒಂದೇ ಉಳಿಯಿತು, ಅದು ಕಂಪ್ಯೂಟರ್. ಅದರ ಬಗ್ಗೆ ಇಂದುಬಾಯಿಯ ಮುಂದೆ ಮಾತೆತ್ತುವ ಮೂರ್ಖತನ ಯಾರೂ ಮಾಡಲಿಲ್ಲ.

ಮನೆ ಎಂದೂ ಇಲ್ಲದಷ್ಟು ನಿಶ್ಶಬ್ದವಾಯಿತು. ಓಣಿಯ ಬಾಯಲ್ಲಿ ನೀರು ಕಲ್ಲು ನೆಕ್ಕುವ ಸಪ್ಪಳ. ಮೃಣಾಲ ಸುರುಳಿಯನ್ನು ಒತ್ತಿದಳು. ಪರದೆಯ ಮಂಜು ಸುತ್ತತೊಡಗಿತು. ಗಿರಣಿಯ ಹಿಂದೆ ಬಿದ್ದಿದ್ದ ದೇಹ ಹಾಗೇ ಇದ್ದಂತೆ, ಅದರೊಳಗಿಂದ ಮುದುಕಿ ಎದ್ದಳು. ಹೊಗೆಯಂತೆ, ಆದರೆ ಮುಖ ಮಾತ್ರ ಸ್ಪಷ್ಟ. ಮಂಗಲಾ ಕಾಕು “ಬಾಈ ಗಂ” ಎಂದು ಸೆರಗು ಕಚ್ಚಿಕೊಂಡಳು. ಅಕ್ಷರಗಳು ಇಂಗ್ಲಿಷಿನಲ್ಲಿ ಮೂಡಿದವು. ಓದಬಲ್ಲವಳು ಮೃಣಾಲ ಒಬ್ಬಳೇ. ಸಂಮೇದನ ಇಂಗ್ಲಿಷ್ ಕ್ವಿಂಟಲಿನಾಚೆ ಹೋಗುತ್ತಿರಲಿಲ್ಲ.

“ಏನಂತಾಳ?”

“ಯಾಕ ಎಬ್ಬಿಸಿದಿ ಅಂತಾಳ್ರಿ.”

“ಕ್ಷಮಾ ಕೇಳು.”

ಮೃಣಾಲ ಕೆಳಗೆ ನೋಡಿದಳು. ಆ ಆಟದಲ್ಲಿ ಮನಸ್ಸಿಗೆ ಬಂದದ್ದನ್ನು ಕೇಳುವ ಹಾಗಿಲ್ಲ. ಕೊಟ್ಟ ಮಾತುಗಳಲ್ಲೇ ಒಂದನ್ನು ಆರಿಸಬೇಕು. ಅಲ್ಲಿದ್ದದ್ದು ಇಷ್ಟೇ: ‘ನಿನ್ನನ್ನು ಕೊಂದವರು ಯಾರು?’ ‘ಹೊನ್ನು ಎಲ್ಲಿ ಹೂತಿಟ್ಟೆ?’ ‘ಇನ್ನು ಹೋಗು.’

“ಕ್ಷಮಾ ಕೇಳೂದು ಇದರಾಗ ಇಲ್ಲರಿ ಅತ್ತಿ.”

“ಕೊಲ್ಲಾಕ ಬಟನ್ನ ಐತಿ, ಕ್ಷಮಾ ಕೇಳಾಕ ಇಲ್ಲ?” ಇಂದುಬಾಯಿ ಆ ಆಟ ಮಾಡಿದವರ ಮನೆತನವನ್ನೇ ನಿವಾಳಿಸಿ ಒಗೆದಂತೆ ನಿಟ್ಟುಸಿರುಬಿಟ್ಟರು. “ಕೊಂದವರು ಯಾರಂತ ಕೇಳು. ಆಕಿಗಿ ಗೊತ್ತೈತೋ ಇಲ್ಲೋ ನೋಡೂಣು.”

ಮೃಣಾಲ ಒತ್ತಿದಳು. ಮುದುಕಿ ಅವಳ ಕಡೆ ಮುಖ ತಿರುಗಿಸಿದಳು. ಆಮೇಲೆ ಒಂದೇ ಪದ ಮೂಡಿತು.

“ಏನಂದ್ಲು?” ಎಂದರು ಇಂದುಬಾಯಿ.

ಈಗ ಮೃಣಾಲ ಏನು ಹೇಳಿದರೂ ನಡೆಯುತ್ತಿತ್ತು. ‘ನೆನಪಿಲ್ಲ ಅಂತಾಳ.’ ‘ಹೋಗಲಿ ಬಿಡು ಅಂತಾಳ.’ ‘ಕ್ಷಮಾ ಮಾಡೇನಿ ಅಂತಾಳ.’ ಅಡುಗೆಮನೆಯಿಂದ ಬಟ್ಟಲು ತಂದು ಹಿಡಿದರೆ ಮುಗಿಯಿತು, ಮತ್ತೊಂದು ವರ್ಷ ಸಲೀಸು. ಅವಳ ನಾಲಿಗೆಯ ತುದಿಗೆ ಅದು ಬಂದೂ ಬಂತು. ಆದರೆ ಪರದೆಯ ಮುದುಕಿ ನೇರ ಅವಳನ್ನೇ ನೋಡುತ್ತಿದ್ದಳು. ಬೆನ್ನಿಗೆ ಇನ್ನೊಬ್ಬಳ ಉಸಿರು ತಾಕುತ್ತಿತ್ತು.

“‘ನೀನ’ ಅಂದ್ಲರಿ.”

ಬಾಪೂಸಾಹೇಬರು ಎಲ್ಲರ ಮುಖ ನೋಡಿ, “ಕ್ಷಮಾ ಆತೇನು? ಆತೇನು?” ಎಂದು ದೊಡ್ಡ ದನಿಯಲ್ಲಿ ಕೇಳಿದರು.

“ಯಾವತ್ತ ಕೊಂದಿ ಈಕಿನ್ನ?” ಇಂದುಬಾಯಿಯ ದನಿ ಸಣ್ಣದಾಗಿತ್ತು.

“ಮೊದಲನೇ ವರ್ಷ ಪಂಚಮಿಗಿ ನೀವು ನನ್ನ ಬೇಡಗಕ್ಕ ಕಳಸಲಿಲ್ಲಲ್ಲರಿ. ನಮ್ಮ ತಮ್ಮ ಕರಿಯಾಕ ಬಂದು ಬಾಗಲದಾಗಿಂದನ ಹೊಳ್ಳಿ ಹ್ವಾದ. ಆವತ್ತರಿ.”

“ಈಕಿ ಏನ ಮಾಡಿದ್ಲು ನಿನಗ?”

“ಏನೂ ಮಾಡಿರಲಿಲ್ಲರಿ. ಮೂಗು… ಮೂಗು ಸ್ವಲ್ಪ ನಿಮ್ಮಂಗ ಇತ್ತು.”

ಇಂದುಬಾಯಿಯ ಕೈ ತಾನಾಗಿಯೇ ತಮ್ಮ ಗಡ್ಡೆ ಮೂಗಿಗೆ ಹೋಯಿತು. ಸಂಮೇದ ಪರದೆ ನೋಡಿದ, ತಾಯಿಯನ್ನು ನೋಡಿದ, ಮತ್ತೆ ಪರದೆ ನೋಡಿದ. ಬುದ್ಧಿವಂತನಾದ್ದರಿಂದ ಅಕ್ಕಿ ಡಬ್ಬಿಯಲ್ಲಿ ಮೊಬೈಲು ಹುಡುಕುವ ನೆಪದಿಂದ ಅಡುಗೆಮನೆಗೆ ಹೋದ.

ಆ ಗಳಿಗೆಯಲ್ಲೇ ಬೀದಿಯ ಕಡೆಯಿಂದ ಜ್ಯೋತೆಪ್ಪನ ಭೋಂಗಾ ಕೂಗಿತು: ನೀರು ಓಣಿಗೆ ಬಂದಿದೆ, ಕರೆಂಟು ತೆಗೆಯುತ್ತಿದ್ದಾರೆ. ಮಾತು ಮುಗಿಯುವಷ್ಟರಲ್ಲಿ ತೆಗೆದೇಬಿಟ್ಟರು. ಪರದೆಯ ನಡುವೆ ಬೆಳಕು ಒಂದು ಚುಕ್ಕೆಯಾಗಿ ಕುಗ್ಗಿತು. ಆ ಚುಕ್ಕೆಯಲ್ಲಿ ಸ್ವಲ್ಪ ಹೊತ್ತು ಮುದುಕಿ ಇದ್ದಳು. ಆಮೇಲೆ ಪೆಟ್ಟಿಗೆಯೊಳಗೆ ಏನೋ ‘ಟಕ್’ ಎಂದು ಮುರಿಯಿತು, ಸುಟ್ಟ ವಾಸನೆ ಬಂತು. ಆ ಕಂಪ್ಯೂಟರ್ ಇನ್ನೆಂದೂ ಏಳುವುದಿಲ್ಲವೆಂದು ಅದರ ಗಂಧಗಾಳಿ ಗೊತ್ತಿಲ್ಲದ ಮಂಗಲಾ ಕಾಕುವಿಗೂ ತಿಳಿಯಿತು.

“ಹ್ವಾದ್ಲು,” ಎಂದಳು ಮೃಣಾಲ. “ಅತ್ತಿ, ಆಕಿ ಕ್ಷಮಾ ಮಾಡಲಿಲ್ಲರಿ. ಇನ್ನ ಕೇಳಾಕೂ ಬರಂಗಿಲ್ಲ.” ಅವಳ ಕಣ್ಣಲ್ಲಿ ನೀರು ಬಂತು. ಎದ್ದು ನಿಂತಳು. “ಮಿರಜದಿಂದ ನಿಮ್ಮ ಮಗಳು ಬರೂತನಕ ತಡೀರಿ. ಅವರ ಕೈಲೆ…”

“ಮಿರಜದ ರಸ್ತಾ ಬಂದ ಆಗೇತಿ. ಬಟ್ಟಲ ತಾ.”

ತಂದಳು. ತಿಳಿ ಅಂಚಿನಲ್ಲಿ ತುಳುಕುತ್ತಿತ್ತು.

“ಅಲ್ಲೇ ಕುಂದರು. ಮೊದಲ ಆಕಿಗಿ ಹಿಡಿ,” ಎಂದರು ಇಂದುಬಾಯಿ, ಪರದೆಯ ಕಡೆ ಬೆರಳು ಮಾಡಿ. “ಇಪ್ಪತ್ತ ವರ್ಷ ಬಾಯಾಗ ಹನಿ ನೀರಿಲ್ಲದ ಬಿದ್ದಾಳ. ನನ್ನ ಉಪವಾಸ ಏನ ದೊಡ್ಡದು?”

ಆ ಬೆರಳು ನೋಡಿದ ಬಾಪೂಸಾಹೇಬರು ಇದು ಯಾವ ಶಾಸ್ತ್ರದಲ್ಲೂ ಇಲ್ಲವೆಂದು ಹೇಳಲು ಬಾಯಿ ತೆರೆದು, ಕಿವಿ ಇಲ್ಲದ ಮೇಲೆ ಬಾಯಿಯೂ ಯಾಕೆಂದು ಮುಚ್ಚಿದರು.

ಮೃಣಾಲ ಕರಿಯ ಗಾಜಿನೆದುರು ಮಂಡಿಯೂರಿ ಬಟ್ಟಲು ಎತ್ತಿದಳು. ಗಾಜಿನಲ್ಲಿ ಕಿಟಕಿಯ ಬೂದಿ ಬೆಳಕಿತ್ತು. ಅವಳ ಎರಡು ಕೈಗಳಿದ್ದವು. ಆ ಕೈಗಳ ಮೇಲೆ, ಬಹಳ ಆಳದಲ್ಲಿ, ಬಿಳಿ ಕೂದಲಿನ ಒಂದು ಮುಖ ನಿಧಾನವಾಗಿ ಬಾಗಿ ಬಂತು. ಗಡ್ಡೆ ಮೂಗು. ಒಣಗಿದ ತುಟಿ. ಅದು ಗಾಜಿನ ಒಳಗಿಂದ ಬರುತ್ತಿದೆಯೋ ಹಿಂದಿನಿಂದ ಬರುತ್ತಿದೆಯೋ ಹೇಳುವಂತಿರಲಿಲ್ಲ. ಬಾಯಿ ತೆರೆಯಿತು. ಬಟ್ಟಲನ್ನು ಯಾರೋ ತಮ್ಮ ಕಡೆ ಎಳೆದುಕೊಂಡರು. ಗಂಟಲಲ್ಲಿ ಗುಟುಕು ಇಳಿದ ಸಪ್ಪಳ, ಒಂದು, ಮತ್ತೊಂದು. ಅವಳ ಕೈ ಹಗುರಾಯಿತು.

“ಉಪ್ಪ ಹಾಕೂದ ಮರತಿ,” ಎಂದಳು ಮುದುಕಿ.

ಯಾವ ಮುದುಕಿ ಎಂದು ಮೃಣಾಲ ತಿರುಗಿ ನೋಡಲಿಲ್ಲ.